ಕನ್ನಡಕದವನ ಕಣ್ಣು

ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ ಅವನು ಇಪ್ಪತ್ತೆರಡು ವರ್ಷ ಗಾಜು ತೇಯ್ದ. ಎಲ್ಲರ ಬಾಯಲ್ಲೂ ಅವನು ಗಾಜಣ್ಣ. ಅಂಚಿನಲ್ಲಿ ಕೂದಲೆಳೆಯಷ್ಟು ಏರುಪೇರಿದ್ದರೂ ಅವನ ಬೆರಳಿಗೆ ಸಿಕ್ಕಿಬೀಳುತ್ತಿತ್ತು.

ನಲವತ್ತೊಂದರ ವಯಸ್ಸಿನಲ್ಲಿ ಡಾಕ್ಟರು ಅವನ ಕಣ್ಣಿನೊಳಗೆ ಒತ್ತಡ ಏರಿದೆ, ನರ ಒಣಗುತ್ತಿದೆ ಎಂದರು. ಈಗಲೇ ಆಪರೇಷನ್ ಮಾಡಿಸಿದರೆ ಇರುವ ದೃಷ್ಟಿ ಉಳಿಯುತ್ತದೆ. ಹೋದದ್ದು ಮರಳಿ ಬರುವುದಿಲ್ಲ.

ಅವನು ವಾರವಾರ ಪ್ರಾರ್ಥನೆಗೆ ಹೋಗುತ್ತಿದ್ದ ಸಭೆಯಲ್ಲಿ ಆಗಷ್ಟೇ ಲೋಕಾಂತ್ಯದ ಗಡುವು ಸಾರಿದ್ದರು. ಇನ್ನೆರಡೇ ವರ್ಷ, ಆಮೇಲೆ ಹೊಸ ಲೋಕ, ಎಲ್ಲರಿಗೂ ಹೊಸ ದೇಹ. ಆಪರೇಷನ್ ಬೇಡವೆಂದು ಸಭೆಯ ಹಿರಿಯರು ಬಾಯಿಬಿಟ್ಟು ಹೇಳಲಿಲ್ಲ. ಮನೆಮನೆಗೆ ಹೋಗಿ ಜನರನ್ನು ಎಚ್ಚರಿಸಬೇಕಾದ ಕಾಲದಲ್ಲಿ ಒಂದು ತಿಂಗಳು ಹಾಸಿಗೆ ಹಿಡಿಯುವುದು ಸರಿಯೇ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಕೇಳಿದರು. ಅವನಿಗೆ ಅಷ್ಟು ಸಾಕಾಯಿತು.

"ಹೊಸ ಲೋಕ ಬಂದಾಗ ಬರಲಿ ಕಣ್ರೀ. ಅಲ್ಲೀವರೆಗೆ ದುಡಿಯೋಕೆ ಕಣ್ಣು ಬೇಡ್ವಾ?" ಎಂದಳು ಹೆಂಡತಿ.

ಅವನು ಅವಳನ್ನು ಅಂಗಡಿಗೆ ಕರೆದೊಯ್ದು, ಗೋಡೆಯ ಅಕ್ಷರಪಟದ ಎದುರು ನಿಂತು, ಇರುವೆಯಷ್ಟು ಸಣ್ಣ ಸಾಲನ್ನು ತಡವರಿಸದೆ ಓದಿ ತೋರಿಸಿದ. ಪ್ರತಿದಿನ ಬಾಗಿಲು ತೆರೆದೊಡನೆ ಅದನ್ನು ಓದುತ್ತಿದ್ದ. ಮೇಲಿನವನು ತನ್ನ ಕಣ್ಣು ಕಾಯುತ್ತಿದ್ದಾನೆ ಎನ್ನಲು ಅದೇ ಸಾಕ್ಷಿ. ಆ ರೋಗವಾದರೋ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತ ಬಂದು ನಡುವಿನದನ್ನು ಕಡೆಗೆ ಮುಟ್ಟುತ್ತದೆ. ಡಾಕ್ಟರು ಇದನ್ನೂ ಹೇಳಿದ್ದರು. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

ಎರಡು ವರ್ಷ ಕಳೆಯಿತು. ಎಣಿಕೆ ತಪ್ಪಿತ್ತಂತೆ, ಗಡುವು ಮೂರು ವರ್ಷ ಮುಂದೆ ಹೋಯಿತು. ಅವನ ಭುಜ ಬಾಗಿಲಿಗೆ ಬಡಿಯತೊಡಗಿತು. ಬೀದಿಯಲ್ಲಿ ಡಿಕ್ಕಿ ಹೊಡೆಸಿಕೊಂಡ ಪಕ್ಕದ ಮನೆಯ ದರ್ಜಿ, "ಕನ್ನಡಕ ಮಾಡೋನಿಗೇ ಕಣ್ಣು ಕಾಣಲ್ವೇನಪ್ಪಾ?" ಎಂದು ನಕ್ಕ. ಗಾಜಣ್ಣ ಅಕ್ಷರಪಟವನ್ನು ಮಾತ್ರ ಓದುತ್ತಲೇ ಇದ್ದ. ಒಂದು ಬೆಳಿಗ್ಗೆ ಪಟವೇ ಸಿಗಲಿಲ್ಲ. ಗೋಡೆಯ ತುಂಬ ಹುಡುಕಿದ. ಡಾಕ್ಟರು ಪರೀಕ್ಷಿಸಿ, ಇನ್ನು ಉಳಿಸಲು ಏನೂ ಇಲ್ಲವೆಂದರು.

ಹೆಂಡತಿ ಅದೇ ಅಂಗಡಿಯಲ್ಲಿ ಫ್ರೇಮುಗಳ ತಿರುಪು ಬಿಗಿಯುವ ಕೆಲಸಕ್ಕೆ ಸೇರಿದಳು. ಅವನು ಮನೆಯಲ್ಲಿ ಕುಳಿತ. ಎರಡನೆಯ ಗಡುವೂ ದಾಟಿತು. ಸಭೆಯ ಹಿರಿಯರು ನೋಡಲು ಬಂದರು. ಸಭೆ ಯಾರ ಚಿಕಿತ್ಸೆಯನ್ನೂ ತಡೆದಿಲ್ಲ, ಅದು ಅವರವರ ಇಷ್ಟ ಎಂದು ಮೃದುವಾಗಿ ಹೇಳಿ ಹೊರಟರು.

"ನಿಮ್ಮ ಹಿರಿಯರು ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ," ಎಂದಳು ಹೆಂಡತಿ. "ಅವರ ಹೊಸ ಕನ್ನಡಕಕ್ಕೆ ತಿರುಪು ಹಾಕಿದ್ದೇ ನಾನು. ಇನ್ನಾದ್ರೂ ಬಿಡಿ ಆ ಸಭೆನ."

ಅವನು ಅವಳ ದನಿಯತ್ತ ಮುಖ ತಿರುಗಿಸಿದ.

"ಬಿಟ್ರೆ, ನನ್ನ ಕಣ್ಣು ಯಾತಕ್ಕೂ ಇಲ್ದೆ ಹೋಯ್ತು ಅಂತ ಆಗುತ್ತಲ್ಲೇ."

ವಾರದ ಸಭೆಗೆ ಹೊತ್ತಾಗಿತ್ತು. ಅವನು ಎದ್ದು ಒಗೆದ ಅಂಗಿ ಕೇಳಿದ. ಅವಳು ಗುಂಡಿ ಹಾಕಿಕೊಟ್ಟು, ತಾನು ಒಂದು ದಿನವೂ ನಂಬದಿದ್ದ ಆ ಜಾಗಕ್ಕೆ ಅವನ ಕೈಹಿಡಿದುಕೊಂಡು ಹೊರಟಳು.