ಸಪ್ಪಳ ಮಾಡದ ಕ್ಯಾಮೆರಾ

ಹೊಸಪೇಟೆಯಲ್ಲಿ ಮದುವೆ ಫೋಟೋ ತೆಗೆದೇ ಬದುಕುವ ನಾನು, ಮೆಟ್ರಿ ಊರಿನ ಒಂದು ಮದುವೆಗೆ ಭಾರದ ಹಳೆಯ ಕ್ಯಾಮೆರಾ ಬಿಟ್ಟು ಅಂಗೈಯಗಲದ ಹೊಸ ಮಿರರ್‌ಲೆಸ್ ಕ್ಯಾಮೆರಾ ಒಂದನ್ನೇ ಒಯ್ದೆ. ಹೆಗಲಿಗೆ ಹಗುರ, ಗುಂಡಿ ಒತ್ತಿದರೆ ಸಪ್ಪಳವೇ ಇಲ್ಲ. ಆದರೆ ಇದರೊಳಗೆ ಹಳೆಯದರ ಹಾಗೆ ಕನ್ನಡಿಯಿಲ್ಲ, ಪುಟ್ಟ ಪರದೆಯಿದೆ; ಸುಮ್ಮನೆ ಇಣುಕಿದರೂ ಬ್ಯಾಟರಿ ಇಳಿಯುತ್ತದೆ. ಹಳೆಯ ಚಟ ನೋಡಿ, ಮುಹೂರ್ತ ತಡವಾದಷ್ಟು ಹೊತ್ತೂ ನಾನು ಕ್ಯಾಮೆರಾದಿಂದ ಕಣ್ಣು ಕೀಳಲೇ ಇಲ್ಲ. ಎರಡು ಬ್ಯಾಟರಿ ಮುಗಿದವು. ಕೊನೆಯದೂ ಕೆಂಪಗೆ ಮಿನುಗತೊಡಗಿತು.

ಕ್ಯಾಮೆರಾ ಆಫ್ ಮಾಡಿ ಕಾದು ನಿಂತೆ. ಗಟ್ಟಿಮೇಳ ಮೊಳಗಿದ್ದೇ ಆನ್ ಮಾಡಿದೆ. ಮದುಮಗ ಹಾಕಿದ ಮೂರೂ ಗಂಟು ಸಿಕ್ಕವು. ಮರುಕ್ಷಣ ಪರದೆ ಕಪ್ಪಾಯಿತು.

ಮದುಮಗಳ ತಾಯಿ ನನ್ನನ್ನೇ ನೋಡುತ್ತಿದ್ದರು. “ಫೋಟೋ ತೆಗೆದ್ರೇನ್ರಿ? ಟಕ್ ಅಂತ ಸಪ್ಪಳಾನ ಬರ್ಲಿಲ್ಲ.”

“ತೆಗೆದೀನ್ರಿ ಅಮ್ಮ.”

“ಹಂಗಾದ್ರ ತೋರಿಸ್ರಿ.”

ಬ್ಯಾಟರಿ ಮುಗಿದಿತ್ತು, ತೋರಿಸುವುದು ಹೇಗೆ? ಅವರು ಮದುಮಗನತ್ತ ತಿರುಗಿದರು. “ತಾಳಿ ಇನ್ನೊಮ್ಮೆ ಹಿಡ್ಕಳಪ್ಪಾ, ಫೋನಿನ್ಯಾಗ ತೆಗಸ್ತೀನಿ.”

ಆಲ್ಬಮ್ ಮಾಡುವಾಗ ಮೂರು ಗಂಟಿನ ನನ್ನ ಮೂರೂ ಚಿತ್ರ ಮುಂದಿಟ್ಟೆ. ಚೆನ್ನಾಗಿಯೇ ಬಂದಿದ್ದವು. ಆ ತಾಯಿ ಮೊದಲ ಪುಟಕ್ಕೆ ಆರಿಸಿದ್ದು ಆ ಫೋನಿನ ಫೋಟೋವನ್ನು.