ಅಡುಗೆಕೋಣೆಯ ನಡುಗಟ್ಟೆಗೆ ಒಂದು ಪ್ಲಗ್ ಪಾಯಿಂಟ್

ಬೆಳಕು ಈಗಷ್ಟೇ ಹರಿದಿದೆ. ಬಸವಾಪಟ್ಟಣದ ಹೊಸ ಮನೆಯೊಂದರ ಅಡುಗೆಕೋಣೆಯಲ್ಲಿ ವೈರ್‌ಮ್ಯಾನ್ ಮುಜಮ್ಮಿಲ್ ಮಂಡಿಯೂರಿ ಕೂತು, ಇಟ್ಟಿಗೆ ಕಟ್ಟೆಯಿಂದ ಹೊರಬಂದ ವೈರುಗಳನ್ನು ಒಂದೊಂದಾಗಿ ಟೆಸ್ಟರ್ ಇಟ್ಟು ನೋಡುತ್ತಿದ್ದಾರೆ. ಯಾವ ಗೋಡೆಗೂ ತಾಗದೆ ಕೋಣೆಯ ನಟ್ಟನಡುವೆ ನಿಂತ ಕಟ್ಟೆ ಅದು. ಐಲ್ಯಾಂಡ್ ಎಂದು ಈಗ ಇಲ್ಲಿಯವರೂ ಕರೆಯುತ್ತಾರೆ. ಗಾರೆ ಕೆಲಸದ ಓಬಳಪ್ಪ ಇವತ್ತೇ ಅದರ ಮೇಲೆ ಗ್ರಾನೈಟ್ ಕೂರಿಸಬೇಕು. ಆಮೇಲೆ ವೈರಿನ ದಾರಿ ಬದಲಿಸಬೇಕೆಂದರೆ ಕಲ್ಲು ಒಡೆಯುವುದೊಂದೇ ಉಪಾಯ.

ಪ್ಲಗ್ ಪಾಯಿಂಟ್ ಎಲ್ಲಿ ಬರಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮನೆಯೊಡತಿ ಮಮತಾ ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ: ಕಲ್ಲಿನ ಅಂಚಿನ ಕೆಳಗೆ, ಕಟ್ಟೆಯ ಪಕ್ಕದಲ್ಲಿ, ಕಣ್ಣಿಗೇ ಬೀಳದ ಪಾಯಿಂಟ್.

"ಹಿಂಗೇ ಬೇಕು ಅಣ್ಣ. ಮೇಲಿಟ್ರೆ ಅಸಹ್ಯ ಕಾಣ್ತೈತೆ."

"ಕೆಳಗೆ ನಾನು ಹಾಕಲ್ಲ ಅಕ್ಕ."

"ಮನೆ ನಂದು ಅಣ್ಣ, ನಿಮ್ದಲ್ಲ."

"ಹಂಗಾದ್ರೆ ಬೇರೆಯವರನ್ನ ಕರೀರಿ."

ಓಬಳಪ್ಪ ಕರಣೆ ಕೆಳಗಿಡುತ್ತಾರೆ. "ಸಾಬ್ರೆ, ನಿಮ್ಮಿಬ್ಬರ ಜಗಳ ಮುಗಿಯೋದ್ರೊಳಗೆ ಈ ಸಿಮೆಂಟೇ ಗ್ರಾನೈಟ್ ಆಗ್ತೈತೆ. ಬೇರೆ ಕಲ್ಲೇ ಬ್ಯಾಡ ಬಿಡ್ರಿ."

ಯಾರೂ ನಗುವುದಿಲ್ಲ.

ನಲವತ್ತು ದಾಟಿದ ಮುಜಮ್ಮಿಲ್ ಚನ್ನಗಿರಿಯವರು. ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡವರು. ಕೆಲಸವಿದ್ದರೆ ಬೈಕಿನಲ್ಲಿ ಹೊನ್ನಾಳಿಗೂ ಹೋಗುತ್ತಾರೆ, ಜಗಳೂರಿಗೂ ಹೋಗುತ್ತಾರೆ. ಗೋಡೆ ಕೊರೆಯುವ ಧೂಳಿಗೆ ರಾತ್ರಿಯೆಲ್ಲ ಕೆಮ್ಮು. ಅವರ ದುಡಿಮೆಯ ಬಹುಪಾಲು ಪ್ಲಾಸ್ಟರಿನ ಹಿಂದೆ ಮುಚ್ಚಿಹೋಗುತ್ತದೆ, ಕಾಣುವುದು ಸ್ವಿಚ್ಚು ಮಾತ್ರ. ಕಟ್ಟೆಯ ಒಂದು ತುದಿ ಗೋಡೆಗೆ ಸೇರಿದ್ದರೆ ಆ ಗೋಡೆಯಲ್ಲೇ ಪಾಯಿಂಟ್ ಕೊಟ್ಟು ನಿಶ್ಚಿಂತರಾಗುತ್ತಾರೆ. ನಡುಗಟ್ಟೆಯದ್ದೇ ತಲೆನೋವು. "ಪಕ್ಕಕ್ಕೆ ಹಾಕಿದ್ರೆ ವೈರು ಜೋತು ಬೀಳ್ತೈತೆ. ಅಂಬೆಗಾಲಿಡೋ ಮಗೀಗೆ ಮೊದ್ಲು ಕೈಗೆ ಸಿಗೋದೇ ಅದು" ಎನ್ನುತ್ತಾರೆ.

ಮಾತು ಹೀಗೆ ನಡೆದಿರುವಾಗಲೇ ಕಟ್ಟೆಯ ಮೇಲೆ, ಕೆಲಸದವರ ಚಹಾಕ್ಕೆಂದು ಕರೆಂಟಿನ ಕೆಟಲ್‌ನಲ್ಲಿ ನೀರು ಕುದಿಯುತ್ತಿದೆ. ಅದರ ವೈರು ಅಂಚಿನಿಂದ ಜೋತು, ಕೆಳಗೆ ತಾತ್ಕಾಲಿಕವಾಗಿ ಕಟ್ಟಿದ ಬೋರ್ಡಿಗೆ ಇಳಿದಿದೆ. ಆ ಬೋರ್ಡು ಕಟ್ಟಿದ್ದು ಮುಜಮ್ಮಿಲ್ ಅವರೇ. ಮಮತಾ ಅವರ ವರ್ಷದ ಮಗಳು ಅಂಬೆಗಾಲಿಟ್ಟು ಬಂದು, ಜೋತ ವೈರನ್ನು ಹಿಡಿದು ಎದ್ದು ನಿಲ್ಲುತ್ತಾಳೆ. ಕೆಟಲ್ ಸರಿಯುತ್ತದೆ.

"ಅಯ್ಯೋ, ಮಗಾ!" ಮಮತಾ ಕೂಗುತ್ತಾರೆ.

ಮುಜಮ್ಮಿಲ್ ಕಟ್ಟೆಯ ಆಚೆ ಬದಿಯಲ್ಲಿದ್ದಾರೆ, ಕೈ ಎಟುಕುವುದಿಲ್ಲ. ಓಬಳಪ್ಪ ಬರಿಗೈಯಲ್ಲೇ ಕೆಟಲ್ ತಡೆಯುತ್ತಾರೆ. ತುಳುಕಿದ ಬಿಸಿನೀರು ಅವರ ಮಣಿಕಟ್ಟಿನ ಮೇಲೆ ಬೀಳುತ್ತದೆ. ಮಗು ಬೆಚ್ಚಿ ಅಳುತ್ತದೆ. ಅದರ ಮೈಮೇಲೆ ಒಂದು ಹನಿಯೂ ಬಿದ್ದಿಲ್ಲ.

ಮುಜಮ್ಮಿಲ್ ಮೊದಲು ಸ್ವಿಚ್ ಆರಿಸುತ್ತಾರೆ, ಬೋರ್ಡನ್ನೇ ಕಿತ್ತು ಪಕ್ಕಕ್ಕಿಡುತ್ತಾರೆ. ಓಬಳಪ್ಪನವರ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, "ಬೇರೆಯವರಿಗೆ ಬುದ್ಧಿ ಹೇಳಾಕೆ ಹೊರಟಿದ್ದೆ, ಕಟ್ಟಿದ್ದು ನಾನೇ" ಎನ್ನುತ್ತಾರೆ.

"ಮಗೀಗೆ ಬೀಳ್ಲಿಲ್ವಲ್ಲ, ಬಿಡ್ರಿ ಸಾಬ್ರೆ."

ಮಮತಾ ಮಗಳನ್ನು ಎದೆಗವುಚಿಕೊಂಡು ಅಳು ನಿಲ್ಲಿಸುತ್ತಾರೆ. ಕೊನೆಗೆ, "ಮೇಲೇ ಹಾಕ್ರಿ ಅಣ್ಣ" ಎನ್ನುತ್ತಾರೆ.

ಕಟ್ಟೆಯ ಪೂರ್ವದ ತುದಿಯಲ್ಲಿ ಗೇಣೆತ್ತರದ ಕಲ್ಲಿನ ಪಟ್ಟಿ ನಿಲ್ಲಿಸಿ, ಅದರ ಒಳಮೈಗೆ ಪಾಯಿಂಟ್ ಕೊಡಬೇಕೆಂದು ಮುಜಮ್ಮಿಲ್ ಗುರುತು ಹಾಕುತ್ತಾರೆ. ಆಗ ವೈರು ಕಟ್ಟೆಯ ಮೇಲೇ ಉಳಿಯುತ್ತದೆ. ಕರೆಂಟು ಸೋರಿದ ತಕ್ಷಣ ಅದನ್ನು ಕಡಿದು ಶಾಕ್‌ನಿಂದ ಉಳಿಸುವ ಬ್ರೇಕರ್ ಕೂಡ ಬೇಕು ಎನ್ನುತ್ತಾರೆ.

"ಅಲ್ಲಿ ಬ್ಯಾಡ ಅಣ್ಣ" ಎಂದು ಮಮತಾ ತಡೆಯುತ್ತಾರೆ. "ಗೃಹಪ್ರವೇಶಕ್ಕೆ ಒಲೆ ಇಟ್ಟು ಹಾಲು ಉಕ್ಕಿಸೋದು ಇದೇ ಕಟ್ಟೆ ಮೇಲೆ. ಪೂರ್ವಕ್ಕೇ ಉಕ್ಕಲಿ ಅಂತ ನಮ್ಮತ್ತೆ ಪಾತ್ರೇನ ಆ ಕಡೆ ವಾಲಿಸೇ ಇಡ್ತಾರೆ. ಹಾಲೆಲ್ಲ ಸೀದಾ ನಿಮ್ಮ ಪ್ಲಗ್ಗಿಗೇ."

ಮುಜಮ್ಮಿಲ್ ಹೆಬ್ಬೆರಳಿನಿಂದ ಪೆನ್ಸಿಲ್ ಗುರುತು ಒರೆಸುತ್ತಾರೆ. "ನಂಗೆ ಹೊಳೀಲೇ ಇಲ್ಲ ನೋಡ್ರಿ."

ಪಾಯಿಂಟ್ ಪಶ್ಚಿಮದ ತುದಿಗೆ ಹೋಗುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡ ಓಬಳಪ್ಪ ಹೊಸದಾಗಿ ಸಿಮೆಂಟು ಕಲಸುತ್ತಾರೆ. ಗೃಹಪ್ರವೇಶಕ್ಕೆ ಇಬ್ಬರೂ ಬರಲೇಬೇಕೆಂದು ಮಮತಾ ಕರೆಯುತ್ತಾರೆ.

"ಬರ್ತೀನಿ ಅಕ್ಕ" ಎನ್ನುತ್ತಾರೆ ಮುಜಮ್ಮಿಲ್. "ಹಾಲು ಯಾವ ದಿಕ್ಕಿಗೆ ಉಕ್ತು ಅಂತ ನೀವೆಲ್ಲ ನೋಡ್ತಿರ್ತೀರಲ್ಲ, ನಾನೂ ಅದನ್ನೇ ನೋಡ್ಬೇಕು."