ಆಲ್ಕೊಳದ ಸ್ಪರ್ಧೆಗೆ ಅತ್ತೆಯ ಜೊತೆ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಇಷ್ಟು ದೂರ ಹೋಗಿ ಬಂದವಳು ಪ್ರವಾಸ ಕಥನ ಬರೆಯಲು ಕೂತಿದ್ದಾಳೆ ಎಂದು ನೀವು ನಗಬಹುದು, ನಗಿ. ಆದರೆ ಒಂದು ಸಿಪಿಯು, ಒಂದು ಮಾನಿಟರ್, ಎಪ್ಪತ್ತು ದಾಟಿದ ಅತ್ತೆ, ಒಂದು ಡಬ್ಬಿ ಚಿತ್ರಾನ್ನ ಇಷ್ಟನ್ನೂ ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿ ನೋಡಿ. ಕಾಶಿಗೆ ಹೋಗಿಬಂದಷ್ಟೇ ಸುಸ್ತಾಗುತ್ತದೆ.

ನಾನು ವಿನೋದಾ. ಓಲ್ಡ್ ಟೌನ್‌ನಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿ ಜೋಡಿಸಿಕೊಡುವ ಸಣ್ಣ ಡಿಟಿಪಿ ಅಂಗಡಿ ನನ್ನದು. ಈಗೀಗ ಜನ ಫೋನಿನಲ್ಲೇ ಪತ್ರಿಕೆ ಮಾಡಿಕೊಂಡು ಎಲ್ಲರಿಗೂ ಕಳಿಸಿಬಿಡುತ್ತಾರೆ. ಯುಗಾದಿಯ ಹೊತ್ತಿಗೆ ಅಂಗಡಿ ಮುಚ್ಚುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಷ್ಟರಲ್ಲಿ ಶಿವಮೊಗ್ಗದಲ್ಲಿ ಹೊಸ ಬಗೆಯ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆದವರಿಗೆ ಸ್ಪರ್ಧೆ ಇದೆ, ಗೆದ್ದವರ ಸಾಫ್ಟ್‌ವೇರನ್ನು ಸಂಘಟಕರೇ ಊರೂರಿಗೆ ಮಾರಿಕೊಡುತ್ತಾರೆ ಎಂಬ ಸುದ್ದಿ ಬಂತು. ಪಾಲಿಟೆಕ್ನಿಕ್‌ನಲ್ಲಿ ಕಲಿತ ಕೋಡಿಂಗನ್ನು ನಾನು ಪೂರ್ತಿ ಮರೆತಿರಲಿಲ್ಲ. ಅಂಗಡಿಯ ಕೆಲಸಕ್ಕೆಂದು ಬರೆದುಕೊಂಡಿದ್ದ ಒಂದು ಸಾಫ್ಟ್‌ವೇರ್ ನನ್ನ ಬಳಿ ಇತ್ತು. ‘ಗೆದ್ದರೆ ಅಂಗಡಿ, ಸೋತರೆ ಬೀಗ’ ಎಂದು ಗಂಡನಿಗೆ ಹೇಳಿ ಹೆಸರು ಕೊಟ್ಟೆ.

ಅದರ ಹೆಸರು ಬಂಧುಸಾಲು. ಲಗ್ನಪತ್ರಿಕೆಯಲ್ಲಿ ದೇವರ ಹೆಸರು ತಪ್ಪಾದರೆ ದೇವರು ಕ್ಷಮಿಸುತ್ತಾನೆ. ಚಿಕ್ಕಪ್ಪನ ಹೆಸರು ದೊಡ್ಡಪ್ಪನ ಹೆಸರಿಗಿಂತ ಮೇಲೆ ಬಿದ್ದರೆ ದೊಡ್ಡಪ್ಪ ಕ್ಷಮಿಸುವುದಿಲ್ಲ, ಮದುವೆಗೆ ಬಂದರೂ ಊಟ ಮಾಡುವುದಿಲ್ಲ. ಯಾರು ಯಾರಿಗೆ ಏನಾಗಬೇಕು ಎಂದು ಹೇಳಿದರೆ ಬಂಧುಸಾಲು ಹಿರಿತನ ನೋಡಿ ಹೆಸರುಗಳನ್ನು ಸಾಲಾಗಿ ಕೂರಿಸುತ್ತದೆ, ಯಾರಾದರೂ ಬಿಟ್ಟುಹೋಗಿದ್ದರೆ ಕೇಳುತ್ತದೆ. ಕೋಡ್ ನನ್ನದು. ಸಂಬಂಧಗಳ ಲೆಕ್ಕವನ್ನೆಲ್ಲ ಹೇಳಿಕೊಟ್ಟವರು ನಮ್ಮತ್ತೆ ಗೌರಮ್ಮ.

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಳೆಯ ಬೆಡ್‌ಶೀಟಿನಲ್ಲಿ ಮಾನಿಟರ್ ಸುತ್ತಿ ಹೊರಗೆ ತಂದಾಗ ಎದುರುಮನೆಯ ಹೂವಿನ ಸೆಲ್ವಿ ಅಕ್ಕ ಒಂದು ಮಾರು ಸೇವಂತಿಗೆ ತಂದು ಅದಕ್ಕೇ ಸುತ್ತಿದಳು. “ಗೆದ್ಕೊಂಡೇ ಬಾ ಕಣ್ಣು, ಇಲ್ಲಾಂದ್ರೆ ಹೂವಿನ ಕಾಸು ಕೊಡಬೇಕು” ಎಂದು ನಕ್ಕಳು. ಬಸ್ ನಿಲ್ದಾಣಕ್ಕೆ ಬರುವವರೆಗೂ ಜನ ನಮ್ಮನ್ನು ಗಣಪತಿ ಬಿಡಲು ಹೊರಟವರಂತೆ ನೋಡಿದರು.

ಬಸ್ಸಿನಲ್ಲಿ ಕಂಡಕ್ಟರ್ ಮೂಟೆ ನೋಡಿ ಹುಬ್ಬೇರಿಸಿದ. “ಏನಮ್ಮಾ ಇದು, ಟಿವಿನಾ?”

“ಕಂಪ್ಯೂಟರ್ ಕಣಪ್ಪ. ಪರೀಕ್ಷೆಗೆ ಹೊರಟಿದೆ” ಎಂದರು ಅತ್ತೆ.

“ಹೆಂಗಸರಿಗೆ ಫ್ರೀ, ಕಂಪ್ಯೂಟರಿಗೆ ಫ್ರೀ ಇಲ್ಲ. ಇದಕ್ಕೆ ಲಗೇಜ್ ಟಿಕೆಟ್. ನೀವಿಬ್ರೂ ಆಧಾರ್ ತೋರಿಸಿ.”

ನಾನು ತೋರಿಸಿದೆ. ಅತ್ತೆ ಕೈಚೀಲವೆಲ್ಲ ತಡಕಾಡಿದರು. ಬಸ್ಸು ಊರು ಬಿಟ್ಟರೂ ಕಾರ್ಡು ಸಿಗಲಿಲ್ಲ. “ನೀವು ಯಾರು ಅಂತ ಗುರುತು ಬೇಕಲ್ಲಜ್ಜಿ” ಎಂದು ಅವನು ತಮಾಷೆಗೆ ಹೇಳಿದ್ದೇ ಅತ್ತೆಗೆ ರೇಗಿತು. “ನಾನು ಗೌರಮ್ಮ ಮಾರಾಯ. ನೀನು ಹುಟ್ಟೋ ಮುಂಚೆಯಿಂದ ಇದೇ ಊರಲ್ಲಿ ಗೌರಮ್ಮನೇ!” ಕೊನೆಗೆ ಎಲೆಅಡಿಕೆ ಚೀಲದಿಂದ ಆಧಾರ್ ಹೊರಬಂತು, ಸುಣ್ಣ ಮೆತ್ತಿಕೊಂಡು.

ಮಾಚೇನಹಳ್ಳಿಯ ಕಾರ್ಖಾನೆಗಳು ಕಳೆದ ಮೇಲೆ ಅತ್ತೆ ಸಮಾಧಾನವಾದರು. “ಆ ಅಜ್ಜಿ ಪ್ರಶ್ನೆ ಇಟ್ಟಿದೀಯ ತಾನೆ?” ಎಂದು ಕೇಳಿದರು. ಅಜ್ಜಿ ಪ್ರಶ್ನೆಯೆಂದರೆ, ಪತ್ರಿಕೆಯಲ್ಲಿ ಯಾವುದಾದರೂ ಹೆಸರಿನ ಹಿಂದೆ ‘ದಿವಂಗತ’ ಎಂದು ಬಂದರೆ, ಅವರ ಹೆಂಡತಿ ಇದ್ದಾರೆಯೇ ಎಂದು ಕಂಪ್ಯೂಟರ್ ಕೇಳಬೇಕು. ಇದು ಅತ್ತೆಯದೇ ಹಟ. ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ. ಅವತ್ತು ಕೇಳಿದೆ.

“ನಿಮ್ಮ ಮದುವೆ ಪತ್ರಿಕೇಲಿ ನಿನ್ನ ಮಾವನ ಹೆಸರಿತ್ತು. ಅವ್ರು ಹೋಗಿ ಆಗಲೇ ಆರು ವರ್ಷ ಆಗಿತ್ತು. ಸ್ವಾಗತ ಕೋರೋವ್ರು ಅಂತ ಭಾವಂದಿರ ಹೆಸರು ಹಾಕಿದ್ರು. ಹೊತ್ತು ಹೆತ್ತು ಸಾಕಿದ ನನ್ನ ಹೆಸರು ಎಲ್ಲೂ ಇರ್ಲಿಲ್ಲ. ಗಂಡ ಇಲ್ಲದವಳ ಹೆಸರು ಶುಭ ಅಲ್ಲ ಅಂದ್ರು.” ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಆ ಪತ್ರಿಕೆಯನ್ನು ನಾನು ಎಷ್ಟು ಸಲ ನೋಡಿದ್ದೆನೋ. ಒಂದು ಸಲವೂ ಹೊಳೆದಿರಲಿಲ್ಲ. ಬಸ್ಸು ತುಂಗೆಯ ಸೇತುವೆ ದಾಟಿತು.

ಶಿವಮೊಗ್ಗದಲ್ಲಿ ಇಳಿದಾಗ ಬಿಸಿಲು ಏರಿತ್ತು. ಆಟೋ ಹಿಡಿದು ಸಾಗರ ರಸ್ತೆಯಲ್ಲಿ ಆಲ್ಕೊಳ ಸರ್ಕಲ್ ದಾಟಿ ಸ್ಪರ್ಧೆಯ ಸಭಾಂಗಣ ತಲುಪಿದೆವು. ಬಾಗಿಲಲ್ಲಿ ಕೂತಿದ್ದ ಹುಡುಗಿ ಸಾಫ್ಟ್‌ವೇರ್ ಮಾಡಿದವರ ಹೆಸರು ಕೇಳಿದಳು. “ಗೌರಮ್ಮ ಮತ್ತು ವಿನೋದಾ. ಇದೇ ಸಾಲಿನಲ್ಲಿ ಬರೀರಿ” ಎಂದೆ.

“ನಂದ್ಯಾಕೆ ಮಾರಾಯ್ತಿ, ನಂಗೆ ಅದರ ಬಟನ್ ಒತ್ತೋಕೂ ಬರಲ್ಲ” ಎಂದು ಅತ್ತೆ ನನ್ನ ಸೆರಗು ಎಳೆದರು. ನಾನು ಕೇಳಿಸಿಕೊಳ್ಳಲಿಲ್ಲ.

ಒಳಗೆ ಹೋದರೆ ಎಲ್ಲರ ಮುಂದೆಯೂ ತೆಳ್ಳನೆಯ ಲ್ಯಾಪ್‌ಟಾಪ್. ಮೂಟೆ ಬಿಚ್ಚಿದವರು ನಾವಿಬ್ಬರೇ. “ಎಲ್ಲಾ ಸ್ಲೇಟು ತಂದಿದಾರೆ, ನಾವು ಬೀಸೋಕಲ್ಲು ತಂದ್ವಿ” ಎಂದು ಅತ್ತೆ ಪಿಸುಗುಟ್ಟಿದರು. ವೈರು ಗೋಡೆಯವರೆಗೆ ಎಟುಕಲಿಲ್ಲ. ಪಕ್ಕದ ಮೇಜಿನಲ್ಲಿ ಆಯನೂರಿನ ಪ್ರಸನ್ನ ಎಂಬವರಿದ್ದರು. ಮನೆಯ ನಕ್ಷೆ ನೋಡಿ ಎಷ್ಟು ಇಟ್ಟಿಗೆ ಬೇಕೆಂದು ಹೇಳುವ ಸಾಫ್ಟ್‌ವೇರ್ ಅವರದು. “ತಗೊಳ್ಳಿ ಅಕ್ಕ, ನಂದು ಬ್ಯಾಟರಿ ಮೇಲೆ ಓಡುತ್ತೆ” ಎಂದು ತಮ್ಮ ಎಕ್ಸ್‌ಟೆನ್ಷನ್ ಬೋರ್ಡನ್ನೇ ಕೊಟ್ಟರು. ಎದುರಾಳಿಗೆ ಕರೆಂಟು ಕೊಡುವ ಔದಾರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಧ್ಯಾಹ್ನದ ಊಟಕ್ಕೆ ಮೊದಲು ಮೂವರು ತೀರ್ಪುಗಾರರು ನಮ್ಮ ಮೇಜಿಗೆ ಬಂದರು. ನಾನು ವಿವರಿಸಿ ಮುಗಿಸುವ ಮೊದಲೇ ಅವರಲ್ಲಿ ಹಿರಿಯರು ಕೈ ಅಡ್ಡ ಹಿಡಿದರು. “ಹೆಸರು ಜೋಡಿಸೋದಕ್ಕೂ ಒಂದು ಸಾಫ್ಟ್‌ವೇರಾ? ಇದರಲ್ಲಿ ಹೊಸತೇನಮ್ಮ?”

ಅಂಗಡಿಯ ಬೀಗ ಕಣ್ಣ ಮುಂದೆ ಬಂತು. ಆಗ ಅತ್ತೆ ಕೇಳಿದರು: “ನಿಮ್ಮನೇಲಿ ಹತ್ತಿರದಲ್ಲಿ ಯಾವ್ದಾದ್ರೂ ಮದುವೆ ಇದೆಯಾ?”

ಅವರಿಗೆ ನಗು ಬಂತು. “ಇದೆ, ಮಗಂದೇ. ಪತ್ರಿಕೆ ಇವತ್ತು ಸಂಜೆ ಪ್ರೆಸ್ಸಿಗೆ ಹೋಗುತ್ತೆ.”

“ಹಂಗಾದ್ರೆ ಹೆಸರು ಹೇಳಿ. ಇವಳು ಹಾಕ್ತಾಳೆ.”

ಅವರು ಫೋನು ತೆಗೆದು ಓದುತ್ತಾ ಹೋದರು. ನಾನು ಟೈಪ್ ಮಾಡುತ್ತಾ ಹೋದೆ. ಹೆಸರುಗಳು ಪರದೆಯಲ್ಲಿ ಮೇಲೆ ಕೆಳಗೆ ಸರಿದು ಸಾಲಾದವು. ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ಪ್ರಶ್ನೆ ಮೂಡಿತು: ‘ವರನ ಸೋದರಮಾವನ ಹೆಸರು ಕಾಣುತ್ತಿಲ್ಲ. ಇದ್ದಾರೆಯೇ?’

ಹಿರಿಯರ ಮುಖ ಬಿಳಿಚಿತು. “ಅಯ್ಯೋ! ನನ್ನ ಹೆಂಡತಿ ತಮ್ಮ!”

ಉಳಿದಿಬ್ಬರು ತೀರ್ಪುಗಾರರು ಗಟ್ಟಿಯಾಗಿ ನಕ್ಕರು. “ಸಾರ್, ಪತ್ರಿಕೆ ಹಂಗೇ ಅಚ್ಚಾಗಿದ್ರೆ ನೀವು ಮನೆ ಸೇರ್ತಿರ್ಲಿಲ್ಲ” ಎಂದರು ಒಬ್ಬರು. ಸುತ್ತಮುತ್ತಲಿನ ಮೇಜಿನವರೂ ಎದ್ದು ಬಂದರು. ಮಾವನ ಹೆಸರು ಸೇರಿಸಿದೆ. ಕೂಡಲೇ ಎರಡನೆಯ ಪ್ರಶ್ನೆ ಬಂತು: ‘ವರನ ಅಜ್ಜನ ಹೆಸರಿನ ಹಿಂದೆ ದಿವಂಗತ ಎಂದಿದೆ. ಅಜ್ಜಿ ಇದ್ದಾರೆಯೇ?’

ಈ ಸಲ ಯಾರೂ ನಗಲಿಲ್ಲ. ಹಿರಿಯರು ಕನ್ನಡಕ ತೆಗೆದರು. “ಇದ್ದಾರೆ. ನಮ್ಮಮ್ಮ. ಮನೇಲೇ ಇದ್ದಾರೆ. ಪತ್ರಿಕೆ ಓದಿ ಹೇಳಿದಾಗ ಚೆನ್ನಾಗಿದೆ ಅಂದ್ರು, ಅಷ್ಟೇ” ಎಂದರು.

“ನಮ್ಮಂಥೋರು ಅನ್ನೋದು ಅಷ್ಟೇ” ಎಂದರು ಅತ್ತೆ.

ಹಿರಿಯರು ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿ, ತಾವೇ ಕೂತು, ಒಂದೊಂದೇ ಅಕ್ಷರ ಹುಡುಕಿ ‘ಶ್ರೀಮತಿ ಶಾರದಮ್ಮ’ ಎಂದು ಟೈಪ್ ಮಾಡಿದರು. ಹೆಸರು ತಾನಾಗಿಯೇ ಎಲ್ಲರಿಗಿಂತ ಮೇಲಕ್ಕೆ ಹೋಗಿ ಅಜ್ಜನ ಪಕ್ಕ ಕೂತಿತು. ಸಭಾಂಗಣದಲ್ಲಿ ಪಲಾವಿನ ವಾಸನೆ ಬರುತ್ತಿತ್ತು, ಆದರೂ ಯಾರೂ ಕದಲಲಿಲ್ಲ.

ಸಂಜೆ ಫಲಿತಾಂಶ. ಮೂರನೆಯದು ಪ್ರಸನ್ನರ ಇಟ್ಟಿಗೆಗೆ, ಎರಡನೆಯದು ಸಾಗರದ ಒಬ್ಬರಿಗೆ. ಆಮೇಲೆ ಮೈಕಿನಲ್ಲಿ ಕೇಳಿತು: “ಮೊದಲ ಬಹುಮಾನ, ಬಂಧುಸಾಲು. ಶ್ರೀಮತಿ ಗೌರಮ್ಮ ಮತ್ತು ಶ್ರೀಮತಿ ವಿನೋದಾ, ಭದ್ರಾವತಿ.” ಪ್ರಸನ್ನ ಶಿಳ್ಳೆ ಹೊಡೆದರು. ನಾನು ಕೂಗಿಯೇಬಿಟ್ಟೆ. ಅತ್ತೆ ಮಾತ್ರ ಎದ್ದು ನಿಂತು “ಯಾವ ಗೌರಮ್ಮ?” ಎಂದು ಸುತ್ತ ನೋಡುತ್ತಿದ್ದರು. ವೇದಿಕೆಗೆ ಕೈಹಿಡಿದು ಕರೆದೊಯ್ದೆ. ಕಟ್ಟು ಹಾಕಿದ ಪ್ರಶಸ್ತಿಪತ್ರವನ್ನು ಅದೇ ಹಿರಿಯರು ಅತ್ತೆಯ ಕೈಗೆ ಕೊಟ್ಟು, ಬಗ್ಗಿ ಕಾಲು ಮುಟ್ಟಿದರು. ಬೇಸಿಗೆಯ ಮದುವೆಗಳ ಹೊತ್ತಿಗೆ ಬಂಧುಸಾಲು ಊರೂರಿನ ಪ್ರೆಸ್ಸುಗಳಲ್ಲಿ ಇರಬೇಕೆಂದು ಸಂಘಟಕರು ಹೇಳಿದರು.

ಗಂಡನಿಗೆ ಫೋನ್ ಮಾಡಿದೆ. “ರೀ, ಯುಗಾದಿಗೆ ಬೀಗ ಇಲ್ಲ. ಸುಣ್ಣ ಬಣ್ಣ ಹೊಡೆಸ್ಬೇಕು.” ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಆಮೇಲೆ “ಅಮ್ಮ ಊಟ ಮಾಡಿದ್ರಾ?” ಎಂದರು. ಅಮ್ಮ ಆಗ ಬಸ್ ನಿಲ್ದಾಣದ ಹತ್ತಿರ ಖಾರ ಮಂಡಕ್ಕಿಯ ಜೊತೆ ಎರಡನೆಯ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು. ಬೆಳಗಿನ ಚಿತ್ರಾನ್ನದ ಡಬ್ಬಿ ಹಾಗೇ ಇತ್ತು.

ವಾಪಸು ಹೊರಟ ಬಸ್ಸಿನಲ್ಲಿ ಬೆಳಗಿನ ಕಂಡಕ್ಟರೇ. ಮೂಟೆ ನೋಡಿದ್ದೇ ಕೇಳದೆ ಲಗೇಜ್ ಟಿಕೆಟ್ ಹರಿದ. “ಕಂಪ್ಯೂಟರ್ ಪಾಸಾಯ್ತಾ?” ಎಂದ. ಆಮೇಲೆ ಅತ್ತೆಯ ಕಡೆ ತಿರುಗಿ, “ಅಜ್ಜಿ, ಗುರುತು?” ಎಂದು ನಕ್ಕ.

ಅತ್ತೆ ಎಲೆಅಡಿಕೆ ಚೀಲಕ್ಕೆ ಕೈ ಹಾಕಲಿಲ್ಲ. ಮಡಿಲಲ್ಲಿದ್ದ ಪ್ರಶಸ್ತಿಪತ್ರವನ್ನು ಎತ್ತಿ ಅವನ ಕೈಗೆ ಕೊಟ್ಟರು.

“ಓದಪ್ಪ. ಮೊದಲ್ನೇ ಹೆಸರು. ಬಸ್ಸಿಗೆಲ್ಲಾ ಕೇಳೋ ಹಂಗೆ ಓದು.”